ಒಲಿಂಪಿಕ್ಸ್ ಕ್ಲೈಂಬಿಂಗ್‌ಗೆ ಬೆಂಬಲ ಬೇಕು, ಗೋಡೆ ನಮ್ಮ ಜಿಲ್ಲೆಗೂ ಬರಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಮೈಸೂರಿನ ಹಿರಿಯರೊಬ್ಬರು ಬರೆದಿದ್ದನ್ನು ಓದಿದೆ. ಕ್ಲೈಂಬಿಂಗ್ ಒಲಿಂಪಿಕ್ಸ್‌ನಲ್ಲಿ ಇರಬೇಕು ಅಂತ ದೇಶದಲ್ಲಿ ಪರ್ವತಾರೋಹಣವನ್ನೂ ಕ್ಲೈಂಬಿಂಗ್ ಸ್ಪರ್ಧೆಯನ್ನೂ ನೋಡಿಕೊಳ್ಳುವ ನಮ್ಮ ಇಂಡಿಯನ್ ಮೌಂಟೆನೀರಿಂಗ್ ಫೌಂಡೇಶನ್ ಯಾಕೆ ದನಿ ಎತ್ತಬೇಕು, ಅದರ ಕೆಲಸ ಹಿಮಾಲಯ ತಾನೇ, ಗೋಡೆಗೆ ಪ್ಲಾಸ್ಟಿಕ್ ತುಂಡು ಬಿಗಿದು ಅದನ್ನು ಹಿಡಿದು ನೇತಾಡುವುದಕ್ಕೂ ಪರ್ವತಾರೋಹಣಕ್ಕೂ ಏನು ಸಂಬಂಧ ಅಂತ ಅವರು ಕೇಳಿದ್ದಾರೆ. ಅವರ ಬೆಟ್ಟದ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅವರ ತೀರ್ಮಾನ ಒಪ್ಪಲು ಆಗುವುದಿಲ್ಲ. ನಾನು ಪಾಂಡವಪುರ ತಾಲ್ಲೂಕಿನಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ರಜೆಯ ದಿನ ಈಗಲೂ ಮಕ್ಕಳನ್ನು ಕರೆದುಕೊಂಡು ಕುಂತಿ ಬೆಟ್ಟಕ್ಕೆ ಹೋಗುತ್ತೇನೆ. ಆ ಮಕ್ಕಳ ಪರವಾಗಿ ಈ ಪತ್ರ.

ಮೊದಲು ಒಂದು ಮಾತು. ಪರ್ವತಕ್ಕೂ ಒಲಿಂಪಿಕ್ಸ್‌ಗೂ ನಂಟೇ ಇಲ್ಲ ಅನ್ನುವುದು ಸರಿಯಲ್ಲ. 1922ರಲ್ಲಿ ಎವರೆಸ್ಟ್ ಹತ್ತಲು ಹೋಗಿದ್ದ ಬ್ರಿಟಿಷ್ ತಂಡಕ್ಕೆ 1924ರ ಶಾಮೊನಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪರ್ವತಾರೋಹಣದ ಪದಕ ಕೊಟ್ಟರು. ಅವರು ತುದಿ ಮುಟ್ಟಿರಲಿಲ್ಲ, ಆದರೂ ಕೊಟ್ಟರು. ಆ ಸಲ ಹಿಮಕುಸಿತದಲ್ಲಿ ಸಿಕ್ಕಿ ಸತ್ತ ಏಳು ಜನ ಹೊರೆಯಾಳುಗಳ ಹೆಸರಿಗೂ ಪದಕ ಬಂತು. 1931ರಲ್ಲಿ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಬೆಟ್ಟದ ಉತ್ತರ ಮುಖ ಹತ್ತಿದ ಜರ್ಮನಿಯ ಶ್ಮಿಡ್ ಸಹೋದರರಿಗೂ 1932ರಲ್ಲಿ ಪದಕ ಸಿಕ್ಕಿತು. 1936ರ ನಂತರ ಆ ಪದಕ ನಿಂತುಹೋಯಿತು. ನಿಂತಿದ್ದೇ ಒಳ್ಳೆಯದಾಯಿತು ಅಂತ ನನ್ನ ಅನಿಸಿಕೆ. ಯಾಕೆಂದರೆ ನಿಜವಾದ ಬೆಟ್ಟದ ಮೇಲೆ ಪದಕದ ಆಸೆ ಹುಟ್ಟಿಸಿದರೆ ಜನ ಹವಾಮಾನ ನೋಡದೆ ನುಗ್ಗುತ್ತಾರೆ, ಪ್ರಾಣ ಹೋಗುತ್ತದೆ. ಗೋಡೆಯ ಮೇಲೆ ಸ್ಪರ್ಧೆ ಇಟ್ಟರೆ ಆ ಭಯ ಇಲ್ಲ. ಹಗ್ಗ ಇರುತ್ತದೆ, ಕೆಳಗೆ ದಪ್ಪ ಹಾಸು ಇರುತ್ತದೆ, ಬಿದ್ದ ಮಗು ಎದ್ದು ನಗುತ್ತದೆ.

ಈ ಜಗಳ ನಮ್ಮದೊಂದೇ ಅಲ್ಲ. 1985ರಲ್ಲಿ ಫ್ರಾನ್ಸ್‌ನ 19 ಜನ ಕ್ಲೈಂಬರ್‌ಗಳು ಸೇರಿ, ಹತ್ತುವುದನ್ನು ಸ್ಪರ್ಧೆ ಮಾಡಬೇಡಿ ಅಂತ ಸಹಿ ಹಾಕಿ ಹೇಳಿಕೆ ಕೊಟ್ಟಿದ್ದರು. ಅವರಲ್ಲಿ ಹಲವರು ಮುಂದೆ ತಾವೇ ಸ್ಪರ್ಧೆಗೆ ಇಳಿದರು. ಬ್ರಿಟನ್ನಿನಲ್ಲಿ 1944ರಿಂದ ಇರುವ ಬ್ರಿಟಿಷ್ ಮೌಂಟೆನೀರಿಂಗ್ ಕೌನ್ಸಿಲ್ ನೋಡಿ. ಗುಡ್ಡ, ಬಂಡೆ, ಹಿಮ, ಗೋಡೆ ಎಲ್ಲವನ್ನೂ ಒಂದೇ ಸಂಸ್ಥೆ ನೋಡಿಕೊಳ್ಳುತ್ತದೆ, ನಮ್ಮ ಫೌಂಡೇಶನ್ ಥರಾನೇ. 2016ರಲ್ಲಿ ಹಳೆಯ ಹೆಸರು ಬಿಟ್ಟು 'ಕ್ಲೈಂಬ್ ಬ್ರಿಟನ್' ಅಂತ ಇಟ್ಟುಕೊಳ್ಳಲು ಹೊರಟಾಗ ಸದಸ್ಯರು ಎದ್ದು ನಿಂತರು, ಬೆಟ್ಟ ನಡೆಯುವವರು ನಾವು ಎಲ್ಲಿ ಹೋದೆವು ಅಂತ ಕೇಳಿದರು, ಎರಡೇ ತಿಂಗಳಲ್ಲಿ ಆ ಹೆಸರು ವಾಪಸ್ ಹೋಯಿತು. ಸ್ಪರ್ಧೆಯ ತಂಡಕ್ಕೆ ದುಡ್ಡು ಜಾಸ್ತಿ ಹೋಗುತ್ತಿದೆ ಅಂತ ಆಮೇಲೂ ಅಲ್ಲಿ ತಕರಾರು ನಡೆದಿದೆ. ಅಷ್ಟೆಲ್ಲ ಜಗಳದ ನಡುವೆಯೇ ಅವರ ಹುಡುಗ ಟೋಬಿ ರಾಬರ್ಟ್ಸ್ 2024ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ. ಜಗಳ ಆಡಿಕೊಂಡೇ ಎರಡನ್ನೂ ನಡೆಸಬಹುದು ಅಂತ ಇದರಿಂದ ಗೊತ್ತಾಗುತ್ತದೆ. ಆದರೆ ಅಲ್ಲಿ ಸದಸ್ಯರು ಕೇಳುತ್ತಾರೆ, ಸಂಸ್ಥೆ ಉತ್ತರ ಕೊಡುತ್ತದೆ. ನಮ್ಮಲ್ಲೂ ಆ ರೂಢಿ ಬರಬೇಕು. ಬೆಂಬಲ ಕೊಡುವುದೋ ಬೇಡವೋ ಅನ್ನುವುದು ದೆಹಲಿಯ ಒಂದು ಕೋಣೆಯಲ್ಲಿ ಮುಗಿದುಹೋಗಬಾರದು. ರಾಜ್ಯಗಳ ಕೋಚ್‌ಗಳನ್ನು ಕೇಳಲಿ, ಹತ್ತುವ ಮಕ್ಕಳನ್ನೇ ಕೇಳಲಿ.

ಮೈಸೂರು ಸೀಮೆಯವರಿಗೆ ಇದನ್ನು ಕುಸ್ತಿಯ ಮೂಲಕ ಹೇಳಿದರೆ ಬೇಗ ಅರ್ಥವಾಗುತ್ತದೆ. 2013ರ ಫೆಬ್ರವರಿಯಲ್ಲಿ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ ಕುಸ್ತಿಯನ್ನು ಮುಖ್ಯ ಆಟಗಳ ಪಟ್ಟಿಯಿಂದ ಕೈಬಿಡಲು ಹೊರಟಿತ್ತು, ನೆನಪಿದೆಯಾ? ನಮ್ಮ ಗರಡಿಗಳಲ್ಲೂ ಆಗ ಅದೇ ಮಾತು. 2020ರ ಒಲಿಂಪಿಕ್ಸ್‌ನ ಒಂದು ಜಾಗಕ್ಕೆ ಎಂಟು ಆಟಗಳು ಪೈಪೋಟಿಗೆ ನಿಂತಿದ್ದವು. ಕುಸ್ತಿ ಇತ್ತು, ಸ್ಕ್ವಾಷ್ ಇತ್ತು, ಕರಾಟೆ ಇತ್ತು, ಕ್ಲೈಂಬಿಂಗ್ ಕೂಡ ಇತ್ತು. ಕ್ಲೈಂಬಿಂಗ್ ಕೊನೆಯ ಮೂರರ ಪಟ್ಟಿಗೂ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್ ಸಭೆಯಲ್ಲಿ 49 ಮತ ಪಡೆದು ಕುಸ್ತಿ ಉಳಿದುಕೊಂಡಿತು. ಇಡೀ ಲೋಕದ ಕುಸ್ತಿ ಸಂಘಗಳು ಸೇರಿ ಗಟ್ಟಿಯಾಗಿ ಮಾತಾಡದಿದ್ದರೆ ಅಷ್ಟು ಹಳೆಯ ಆಟವೂ ಹೋಗಿಬಿಡುತ್ತಿತ್ತು. ಇನ್ನು ನಿನ್ನೆ ಮೊನ್ನೆ ಬಂದ ಕ್ಲೈಂಬಿಂಗ್ ಗತಿ ಏನು? 2016ರ ಆಗಸ್ಟ್‌ನಲ್ಲಿ ರಿಯೋದಲ್ಲಿ ನಡೆದ ಸಭೆಯಲ್ಲಿ ಅದಕ್ಕೆ ಟೋಕಿಯೋ ಒಲಿಂಪಿಕ್ಸ್ ಬಾಗಿಲು ತೆರೆಯಿತು. ಅದು ಸುಮ್ನೆ ತೆರೆದಿದ್ದಲ್ಲ. 2007ರಲ್ಲಿ ಕ್ಲೈಂಬಿಂಗ್‌ಗೆ ಅಂತಲೇ ಅಂತರರಾಷ್ಟ್ರೀಯ ಫೆಡರೇಶನ್ ಕಟ್ಟಿಕೊಂಡು ದೇಶದೇಶದ ಸಂಘಗಳು ವರ್ಷಗಟ್ಟಲೆ ಬೆನ್ನು ಹತ್ತಿದ್ದಕ್ಕೆ ಸಿಕ್ಕಿದ್ದು.

ಕುಸ್ತಿಯಿಂದಲೇ ಇನ್ನೊಂದು ಪಾಠ ಇದೆ, ಮುಖ್ಯವಾದದ್ದು ಇದೇ. ನಮ್ಮ ಪೈಲ್ವಾನರು ಮಟ್ಟಿಯ ಮೇಲೆ, ಅಂದರೆ ಗರಡಿಯ ಮಣ್ಣಿನ ಮೇಲೆ ಬೆಳೆದವರು. ಒಲಿಂಪಿಕ್ಸ್‌ನಲ್ಲಿ ಕುಸ್ತಿ ನಡೆಯುವುದು ಮ್ಯಾಟ್ ಮೇಲೆ. 1948ರ ಲಂಡನ್ನಿಗೆ ಹೋದ ಕೆ.ಡಿ. ಜಾಧವ್ ಅವರಿಗೆ ಮ್ಯಾಟೂ ಹೊಸದು, ಅಲ್ಲಿನ ನಿಯಮವೂ ಹೊಸದು, ಆರನೇ ಸ್ಥಾನಕ್ಕೆ ನಿಂತರು. ನಾಲ್ಕು ವರ್ಷ ಬಿಡದೆ ತಯಾರಾಗಿ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ತಂದರು. ಆಮೇಲೆ ಕುಸ್ತಿಯಲ್ಲಿ ಮತ್ತೊಂದು ಪದಕ ಬರಲು 2008 ಆಯಿತು. ಐವತ್ತಾರು ವರ್ಷ! ಆ ಇಷ್ಟೂ ವರ್ಷ ನಮ್ಮಲ್ಲಿ ಪೈಲ್ವಾನರಿಗೆ ಬರ ಇರಲಿಲ್ಲ. ಊರೂರಲ್ಲಿ ಗರಡಿ ಇತ್ತು, ಉಸ್ತಾದರಿದ್ದರು, ಜಾತ್ರೆಗೆ ಜಾತ್ರೆ ಜೋಡಿ ಕಟ್ಟುತ್ತಿದ್ದರು. ಮ್ಯಾಟ್ ಮಾತ್ರ ಆ ಗರಡಿಗಳಿಗೆ ಬರಲಿಲ್ಲ. ಹಾಗಂತ ಮ್ಯಾಟ್ ಬಂದ ಮೇಲೆ ಮಟ್ಟಿ ಸತ್ತುಹೋಯಿತಾ? ಇಲ್ಲ. ದಸರಾದಲ್ಲಿ ದೇವರಾಜ ಅರಸು ಕ್ರೀಡಾಂಗಣಕ್ಕೆ ಹೋಗಿ ನೋಡಿ, ಮಟ್ಟಿಯ ನಾಡಕುಸ್ತಿಯೂ ನಡೆಯುತ್ತದೆ, ಮ್ಯಾಟಿನ ಪಾಯಿಂಟ್ ಕುಸ್ತಿಯೂ ನಡೆಯುತ್ತದೆ, ಎರಡಕ್ಕೂ ಜನ ಕಿಕ್ಕಿರಿಯುತ್ತಾರೆ. ಗೋಡೆ ಬಂದರೆ ಬಂಡೆ ಹತ್ತುವುದು ಕೆಡುತ್ತದೆ ಅನ್ನುವ ಭಯಕ್ಕೆ ನನ್ನ ಉತ್ತರ ಇದು.

ಈ ಮಟ್ಟಿ ಮತ್ತು ಮ್ಯಾಟಿನ ಕಷ್ಟವನ್ನು ಕ್ಲೈಂಬಿಂಗ್‌ನಲ್ಲಿ ನಾನು ಕಣ್ಣಾರೆ ನೋಡುತ್ತಿದ್ದೇನೆ. ನಮ್ಮ ಪಕ್ಕದ ಹಳ್ಳಿಯ ಒಬ್ಬ ಹುಡುಗಿ ಇದ್ದಾಳೆ, ಒಂಬತ್ತನೇ ಕ್ಲಾಸು, ಅಪ್ಪ ಕಬ್ಬಿನ ಗದ್ದೆ ಮಾಡುತ್ತಾರೆ. ಕುಂತಿ ಬೆಟ್ಟದ ಇಳಿಜಾರು ಬಂಡೆಯ ಮೇಲೆ ಆ ಹುಡುಗಿ ಹತ್ತುವುದನ್ನು ನೋಡಬೇಕು. ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ, ಬೋಳು ಕಲ್ಲು. ಅಂಗೈ ಚಪ್ಪಟೆ ಮಾಡಿ ಕಲ್ಲಿಗೆ ಒತ್ತಿ, ಹಿಮ್ಮಡಿ ಕೆಳಗಿಳಿಸಿ, ಮೈಭಾರವನ್ನೆಲ್ಲ ಪಾದದ ಮುಂಭಾಗಕ್ಕೆ ಬಿಟ್ಟು, ಗಾಬರಿಯಿಲ್ಲದೆ ಒಂದೊಂದೇ ಹೆಜ್ಜೆ ಇಡುತ್ತಾಳೆ. ಗಾಬರಿಯಾಗಿ ಮೈಯನ್ನು ಕಲ್ಲಿಗೆ ಅಂಟಿಸಿಕೊಂಡವರು ಜಾರುತ್ತಾರೆ, ಇವಳು ಜಾರುವುದಿಲ್ಲ. ಬಿಸಿಲೇರುವ ಮುಂಚೆ ಮುಗಿಸಬೇಕು, ಹತ್ತೂವರೆ ದಾಟಿದರೆ ಆ ಕಲ್ಲಿನ ಮೇಲೆ ಕೈ ಇಡಲಾಗುವುದಿಲ್ಲ. ಇಂಥ ಹುಡುಗಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಪರ್ಧೆಯ ಗೋಡೆ ಮುಂದೆ ನಿಲ್ಲಿಸಿದೆ. ಆ ಗೋಡೆ ನಮ್ಮ ಕಡೆಗೇ ಬಾಗಿರುತ್ತದೆ, ಛಾವಣಿ ಮೈಮೇಲೆ ಬಿದ್ದಂತೆ. ಅಲ್ಲಿ ಕಾಲಿನ ಚುರುಕು ಒಂದೇ ಸಾಲದು, ಬೆರಳು, ತೋಳು, ಹೊಟ್ಟೆಯ ಬಲ ಬೇಕು. ನಾಲ್ಕು ಹೋಲ್ಡ್, ಅಂದರೆ ಗೋಡೆಗೆ ಬಿಗಿದ ಹಿಡಿಗಳನ್ನು, ದಾಟುವಷ್ಟರಲ್ಲಿ ಮುಂಗೈ ಬಿಗಿದುಕೊಂಡಿತು, ಬೆರಳು ತಾನಾಗೇ ಬಿಚ್ಚಿಕೊಂಡಿತು, ಹಗ್ಗದಲ್ಲಿ ಜೋತಾಡಿದಳು. ಕೆಳಗೆ ಬಂದು "ಸಾರ್, ಕಾಲಿಡೋಕೆ ಜಾಗನೇ ಕಾಣ್ಸಲ್ಲ" ಅಂದಳು. ತಪ್ಪು ಅವಳದಲ್ಲ. ಅಂಥ ಗೋಡೆಯನ್ನು ಅವಳು ಮುಟ್ಟಿದ್ದೇ ಅವತ್ತು. ವಾರಕ್ಕೆ ನಾಲ್ಕು ಸಂಜೆ ಅಂಥದೇ ಗೋಡೆಯ ಮೇಲೆ ಕಳೆಯುವ ಬೆಂಗಳೂರಿನ ಮಕ್ಕಳ ಜೊತೆ ಅವಳನ್ನು ನಿಲ್ಲಿಸಿದರೆ ಇನ್ನೇನಾಗುತ್ತದೆ?

ಆ ಹುಡುಗಿಗೆ ಮತ್ತೆ ಗೋಡೆ ಬೇಕಾದರೆ ಬೆಳಗಿನ ಜಾವ ಎದ್ದು ಪಾಂಡವಪುರ ಸ್ಟೇಷನ್ನಿಗೆ ಬಂದು ರೈಲು ಹತ್ತಬೇಕು. ಜೊತೆಗೆ ಮನೆಯವರೊಬ್ಬರು ಬರಬೇಕು, ಅಂದರೆ ಒಬ್ಬರ ಕೂಲಿ ಹೋಯಿತು. ಊಟ, ಆಟೋ, ಗೋಡೆಯ ಶುಲ್ಕ, ಬಾಡಿಗೆ ಶೂ. ಪ್ರತಿಭೆ ಇಲ್ಲೇ ಇದೆ, ಆದರೆ ಅದನ್ನು ಬೆಳೆಸುವ ಗೋಡೆ ನೂರು ಕಿಲೋಮೀಟರಿಗೂ ಆಚೆ ಇದೆ. ಫೌಂಡೇಶನ್ ಒಲಿಂಪಿಕ್ಸ್‌ಗೆ ಬೆಂಬಲ ಅಂತ ಪತ್ರ ಬರೆದು ಸುಮ್ಮನಾದರೆ ಇವಳಿಗೆ ಏನೂ ಸಿಗುವುದಿಲ್ಲ. ಬೆಂಬಲದ ಜೊತೆಗೆ ಜಿಲ್ಲೆಗೊಂದು ಗೋಡೆ ಅಂತಲೂ ಹೇಳಬೇಕು, ಅದಕ್ಕಾಗಿ ರಾಜ್ಯ ಸರ್ಕಾರಗಳ ಹಿಂದೆ ಬೀಳಬೇಕು.

ಗೋಡೆ ಅಂದ ತಕ್ಷಣ ಕೋಟಿಗಟ್ಟಲೆ ಅಂತ ಹೆದರಬೇಕಿಲ್ಲ. ಸ್ಪರ್ಧೆಯಲ್ಲಿ ಮೂರು ಬಗೆ ಇದೆ. ಲೀಡ್ ಅಂದರೆ ಎತ್ತರದ ಗೋಡೆಯನ್ನು ಹಗ್ಗ ಸಿಕ್ಕಿಸಿಕೊಳ್ಳುತ್ತಾ ಆರು ನಿಮಿಷದೊಳಗೆ ಎಷ್ಟು ಮೇಲಕ್ಕೆ ಆಗುತ್ತದೋ ಅಷ್ಟು ಹತ್ತುವುದು. ಸ್ಪೀಡ್ ಅಂದರೆ 15 ಮೀಟರ್ ಗೋಡೆಯ ಮೇಲೆ ಇಬ್ಬರ ಓಟ. ಬೋಲ್ಡರಿಂಗ್ ಅಂದರೆ ನಾಲ್ಕೂವರೆ ಮೀಟರಿನಷ್ಟು ಗಿಡ್ಡ ಗೋಡೆ, ಹಗ್ಗ ಇಲ್ಲ, ಕೆಳಗೆ ಹಾಸು. ಈ ಕೊನೆಯದನ್ನು ಯಾವುದಾದರೂ ತಾಲ್ಲೂಕು ಕ್ರೀಡಾಂಗಣದ ಒಳಾಂಗಣದಲ್ಲಿ, ಬ್ಯಾಡ್ಮಿಂಟನ್ ಕೋರ್ಟಿನ ಪಕ್ಕದ ಗೋಡೆಗೇ ಚೌಕಟ್ಟು ಕಟ್ಟಿ ಪ್ಲೈವುಡ್ ಹೊಡೆದು ಶುರು ಮಾಡಬಹುದು. ಹೋಲ್ಡ್‌ಗಳನ್ನು ಬಿಚ್ಚಿ ಜಾಗ ಬದಲಿಸಿದರೆ ಅದೇ ಗೋಡೆ ಮಕ್ಕಳಿಗೆ ಮತ್ತೆ ಹೊಸದು. ಮಂಡ್ಯಕ್ಕೊಂದು, ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೊಂದು ಅಂತ ಶುರುವಾದರೂ ಸಾಕು.

ಸ್ಪೀಡ್ ಬಗ್ಗೆ ನನಗೆ ವಿಶೇಷ ಆಸೆ ಇದೆ. ಅದಕ್ಕೆ ಇಂಡೋನೇಷ್ಯಾ ಕಾರಣ. ಸ್ಪೀಡ್ ಗೋಡೆ ಲೋಕದಲ್ಲಿ ಎಲ್ಲಿ ಹೋದರೂ ಒಂದೇ, ಅದೇ ಎತ್ತರ, ಅದೇ ಹೋಲ್ಡ್, ಅದೇ ಜಾಗ. ಹಾಗಾಗಿ ಯಾವ ಊರಿನಲ್ಲಿ ಅಭ್ಯಾಸ ಮಾಡಿದರೂ ಒಲಿಂಪಿಕ್ಸ್ ಗೋಡೆಯ ಮೇಲೇ ಅಭ್ಯಾಸ ಮಾಡಿದಂತೆ. ಇಂಡೋನೇಷ್ಯಾದವರು ಇದನ್ನು ಹಿಡಿದುಕೊಂಡರು. 2018ರಲ್ಲಿ ಏಷ್ಯನ್ ಗೇಮ್ಸ್ ಅವರ ಮನೆಯಲ್ಲೇ ನಡೆದಾಗ ಕ್ಲೈಂಬಿಂಗ್ ಮೊದಲ ಸಲ ಸೇರಿತು. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ವೆಡ್ರಿಕ್ ಲಿಯೊನಾರ್ಡೊ 4.75 ಸೆಕೆಂಡಿಗೆ ಗೋಡೆಯ ತುದಿಗೆ ಹೊಡೆದು ಚಿನ್ನ ಗೆದ್ದರು. ಬ್ಯಾಡ್ಮಿಂಟನ್ ಬಿಟ್ಟು ಬೇರೆ ಆಟದಲ್ಲಿ ಆ ದೇಶಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ ಅದು. ನಮ್ಮಿಂದ ಟೋಕಿಯೋಗೂ ಯಾರೂ ಅರ್ಹತೆ ಪಡೆಯಲಿಲ್ಲ, ಪ್ಯಾರಿಸ್‌ಗೂ ಇಲ್ಲ. ತೆಂಗಿನ ಮರಕ್ಕೆ ತಳೆ ಹಾಕಿ ಸರಸರನೆ ಏರುವ ಹುಡುಗರಿರುವ ನಾಡು ನಮ್ಮದು, ಆಗಲ್ಲ ಅಂತ ಯಾರು ಹೇಳಿದವರು?

ಒಲಿಂಪಿಕ್ಸ್ ಪದ್ಧತಿ ಮೊದಲು ಸರಿ ಇರಲಿಲ್ಲ, ನಿಜ. ಟೋಕಿಯೋದಲ್ಲಿ ಮೂರೂ ಬಗೆಯನ್ನು ಸೇರಿಸಿ ಒಂದೇ ಪದಕ ಇಟ್ಟರು, ಮೂರರ ಸ್ಥಾನಗಳನ್ನು ಗುಣಿಸಿ ಅಂಕ ಹಾಕಿದರು. ಬಂಡೆಯ ಮೇಲೆ ಲೋಕವೇ ಮೆಚ್ಚುವ ಆಡಮ್ ಓಂಡ್ರಾ ಅಂಥವರೂ ಇದನ್ನು ಒಪ್ಪಲಿಲ್ಲ. ಆದರೆ ಒಳಗೆ ಇದ್ದದ್ದರಿಂದಲೇ ಸರಿಪಡಿಸಲು ಆಯಿತು. ಪ್ಯಾರಿಸ್‌ನಲ್ಲಿ ಸ್ಪೀಡ್ ಬೇರೆ ಮಾಡಿದರು. 2028ರ ಲಾಸ್ ಏಂಜಲೀಸ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಪದಕ, ಹೆಣ್ಣುಮಕ್ಕಳಿಗೆ ಮೂರು ಚಿನ್ನ, ಗಂಡುಮಕ್ಕಳಿಗೆ ಮೂರು ಚಿನ್ನ. ಅದೇ ವರ್ಷ ಪ್ಯಾರಾಲಿಂಪಿಕ್ಸ್‌ಗೂ ಕ್ಲೈಂಬಿಂಗ್ ಬರುತ್ತಿದೆ. ಬೆಂಗಳೂರಿನ ಮಣಿಕಂಡನ್ ಕುಮಾರ್ ಪೋಲಿಯೋ ತಾಗಿದ ಕಾಲಿನಲ್ಲೇ ಪ್ಯಾರಾ ಕ್ಲೈಂಬಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪದಕ ಗೆದ್ದವರು. ಅಂಥವರ ದಾರಿ ಹಿಡಿಯಲು ಕಾದಿರುವ ಮಕ್ಕಳಿಗಾದರೂ ನಮ್ಮ ಫೌಂಡೇಶನ್ ಮುಂದೆ ನಿಂತು ಮಾತಾಡಬೇಕು, ಅಲ್ವಾ? 2016ರಲ್ಲಿ ನವಿ ಮುಂಬೈನಲ್ಲಿ ವಿಶ್ವಕಪ್ ನಡೆದಿದೆ, ಅನುಭವ ಇಲ್ಲ ಅನ್ನುವ ಹಾಗಿಲ್ಲ. 2036ರ ಒಲಿಂಪಿಕ್ಸ್ ನಮಗೆ ಕೊಡಿ ಅಂತ ಭಾರತ ಕೇಳಿದೆ. ಆತಿಥೇಯ ದೇಶದ ಮಾತಿಗೆ ಆಟಗಳ ಪಟ್ಟಿಯಲ್ಲಿ ತೂಕ ಇರುತ್ತದೆ. ಆಗ ತಡಬಡಾಯಿಸುವ ಬದಲು ನಿಲುವನ್ನು ಈಗಲೇ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ನನ್ನ ಬೆಂಬಲಕ್ಕೆ ಎರಡು ಷರತ್ತು ಇದೆ. ಮೊದಲನೆಯದು ಮಕ್ಕಳ ಮೈ. ಹತ್ತುವ ಆಟದಲ್ಲಿ ತೂಕ ಕಡಿಮೆ ಇದ್ದಷ್ಟೂ ಅನುಕೂಲ ಅನ್ನುವ ಆಸೆ ಹುಟ್ಟುತ್ತದೆ, ಬೆಳೆಯುವ ಹುಡುಗಿಯರು ಊಟ ಬಿಡುತ್ತಾರೆ. 2023ರಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ನಿನ ವೈದ್ಯಕೀಯ ಸಮಿತಿಯಲ್ಲಿದ್ದ ಫೋಲ್ಕರ್ ಶೋಫಲ್ ಮತ್ತು ಇನ್ನೊಬ್ಬ ವೈದ್ಯರು ಇದರ ಬಗ್ಗೆ ಕ್ರಮ ಸಾಲದು ಅಂತ ರಾಜೀನಾಮೆ ಕೊಟ್ಟರು. ಮಾರನೇ ವರ್ಷ ಹೊಸ ನಿಯಮ ಬಂತು, ಸ್ಪರ್ಧಿಗಳ ಆರೋಗ್ಯಕ್ಕೆ ಆಯಾ ದೇಶದ ಸಂಘವೇ ಪ್ರಮಾಣಪತ್ರ ಕೊಡಬೇಕು. ಅಂದರೆ ಈ ಜವಾಬ್ದಾರಿ ನಮ್ಮ ಫೌಂಡೇಶನ್ ಮೇಲೂ ಇದೆ. ಇದನ್ನು ಜಿಲ್ಲಾ ಮಟ್ಟದಿಂದಲೇ ಪಾಲಿಸಬೇಕು. ಬೆರಳಿನ ಮೂಳೆಯ ಮಾತೂ ಅಷ್ಟೇ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಬೆರಳಿನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಪುಟ್ಟ ಅಂಚುಗಳಲ್ಲಿ ದಿನಾ ನೇತುಹಾಕಿದರೆ ಬೆಳೆಯುವ ಜಾಗದಲ್ಲೇ ಬಿರುಕು ಬಿಡಬಹುದು. ಗೆಣ್ಣು ನೋವು ಅಂದ ಮಗುವನ್ನು ಕೋಚ್ ಆದವನು ಅವತ್ತೇ ಕೆಳಗಿಳಿಸಬೇಕು, ಸ್ಪರ್ಧೆ ನಾಳೆಯೇ ಇದ್ದರೂ ಸರಿ.

ಎರಡನೆಯದು ಬೆಟ್ಟ. ಸ್ಪರ್ಧೆ ಗೋಡೆಯ ಮೇಲೆ ಮಾತ್ರ ಇರಲಿ, ನಿಜವಾದ ಬಂಡೆಗೆ ಬರಕೂಡದು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೆ ಅಂತ 2012ರಲ್ಲಿ ಧಾಮ ಮಾಡಿದರು, ಅಲ್ಲಿ ಹತ್ತುವುದಕ್ಕೆ ನಿರ್ಬಂಧ ಬಂತು. ಹತ್ತುವವರಿಗೆ ಬೇಜಾರಾಗಿರಬಹುದು, ಆದರೆ ಹದ್ದಿಗೆ ಬೇರೆ ಮನೆ ಎಲ್ಲಿದೆ? ನಮ್ಮ ಮೇಲುಕೋಟೆಯ ಬಂಡೆಗಳಲ್ಲಿ ದೇವರಿದ್ದಾನೆ, ಸುತ್ತಿನ ಕಾಡು ತೋಳಗಳ ವನ್ಯಧಾಮ, ಅಲ್ಲಿ ಒಂದು ಬೋಲ್ಟ್ ಕೂಡ ಹೊಡೆಯಬಾರದು. ಕುಂತಿ ಬೆಟ್ಟದಲ್ಲಿ ಈಗಾಗಲೇ ರಾತ್ರಿ ಬರುವವರು ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿ, ಒಡೆದ ಗಾಜನ್ನು ನಮ್ಮ ಮಕ್ಕಳು ಚೀಲದಲ್ಲಿ ತುಂಬಿ ಇಳಿಸುತ್ತಾರೆ. ಗಾಜಿನ ಚೂರು ಇರುವ ಬಂಡೆಯ ಮೇಲೆ ಬರಿಗಾಲಿನ ಮಕ್ಕಳನ್ನು ಹತ್ತಿಸುವುದು ಹೇಗೆ? ಊರೊಳಗೆ ಗೋಡೆ ಇದ್ದರೆ ಅಭ್ಯಾಸದ ಗಲಾಟೆಯೆಲ್ಲ ಅಲ್ಲೇ ಆಗುತ್ತದೆ, ಬೆಟ್ಟದ ಮೇಲೆ ಬೀಳುವ ಜನ ಕಡಿಮೆಯಾಗುತ್ತಾರೆ. ಹಿರಿಯರ ಕಾಳಜಿಗೂ ಇದರಲ್ಲಿ ಪರಿಹಾರ ಇದೆ ಅಂತ ನಾನು ನಂಬುತ್ತೇನೆ.

ಇನ್ನೊಂದು ವಿಷಯ. ನಮ್ಮ ಕಡೆ ಹತ್ತುವುದು ಅಂದರೆ ಜನಕ್ಕೆ ಮೊದಲು ನೆನಪಾಗುವುದು ಚಿತ್ರದುರ್ಗದ ಕೋಟೆ ಗೋಡೆ ಏರುವ ಜ್ಯೋತಿರಾಜ್. ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೆ ಅವರ ವಿಡಿಯೋ ನೋಡಿ ಊರ ಹುಡುಗರು ಹಗ್ಗವಿಲ್ಲದೆ ನೀರಿನ ಟ್ಯಾಂಕ್ ಹತ್ತುವುದನ್ನು ನಾನೇ ತಡೆದಿದ್ದೇನೆ. ಬೈದು ಕಳಿಸಿದರೆ ಅವರು ಇನ್ನೊಂದು ಕಡೆ ಹತ್ತುತ್ತಾರೆ. ಹಗ್ಗ ಕಟ್ಟುವ ಸೊಂಟಪಟ್ಟಿ (ಹಾರ್ನೆಸ್) ತೊಡಿಸಿ, ಗಂಟು ಸರಿ ಇದೆಯಾ ಅಂತ ಜೊತೆಗಾರನಿಂದ ಎರಡನೇ ಸಲ ನೋಡಿಸಿ, ಕೆಳಗೆ ಹಗ್ಗ ಹಿಡಿದವನ ಮೇಲೆ ನಂಬಿಕೆ ಇಟ್ಟು ಹತ್ತುವುದನ್ನು ಕಲಿಸಿದರೆ ಆ ಹುಡುಗರೇ ಚೆನ್ನಾಗಿ ಬೆಳೆಯುತ್ತಾರೆ. ಮನೆಯವರು "ಇದರಿಂದ ಏನು ಬರುತ್ತೆ ಮೇಷ್ಟ್ರೇ" ಅಂತ ಕೇಳುತ್ತಾರೆ. ಒಲಿಂಪಿಕ್ಸ್‌ನಲ್ಲಿ ಇರುವ ಆಟ ಅಂದರೆ ಅವರೂ ಒಂದು ನಿಮಿಷ ನಿಂತು ಕೇಳಿಸಿಕೊಳ್ಳುತ್ತಾರೆ. ಹಳ್ಳಿಯಲ್ಲಿ ಹೆಣ್ಣುಮಗಳನ್ನು ಆಟಕ್ಕೆ ಕಳಿಸಲು ಆ ಒಂದು ನಿಮಿಷವೇ ಎಷ್ಟೋ ಸಲ ಸಾಕಾಗಿದೆ.

ಮೈಸೂರು ದಸರಾ ಕ್ರೀಡಾಕೂಟದವರಲ್ಲೂ ಒಂದು ಕೋರಿಕೆ. ಬಿಚ್ಚಿ ಜೋಡಿಸುವ ಒಂದು ಬೋಲ್ಡರಿಂಗ್ ಗೋಡೆ ತರಿಸಿ, ಮಕ್ಕಳಿಗೆ ಸ್ಪರ್ಧೆ ಇಡಿ. ದಸರಾ ಮುಗಿದ ಮೇಲೆ ಅದನ್ನು ಗೋದಾಮಿಗೆ ಹಾಕದೆ ಮೈಸೂರು, ಮಂಡ್ಯದ ಯಾವುದಾದರೂ ಸರ್ಕಾರಿ ಕ್ರೀಡಾಂಗಣಕ್ಕೆ ಕೊಡಿ. ನಮ್ಮಲ್ಲಿ ಹೋಲ್ಡ್ ಜೋಡಿಸಿ ದಾರಿ ಕಟ್ಟುವವರು, ತೀರ್ಪುಗಾರರು ಕಡಿಮೆ. ಅದರ ತರಬೇತಿಯನ್ನು ಫೌಂಡೇಶನ್ ಬೆಂಗಳೂರಿನ ಆಚೆಗೂ ನಡೆಸಲಿ. ನಿಮ್ಮ ಪತ್ರಿಕೆಗೂ ಒಂದು ಮಾತು ಸಂಪಾದಕರೇ. ದಕ್ಷಿಣ ವಲಯದ ಕ್ಲೈಂಬಿಂಗ್ ಸ್ಪರ್ಧೆ ನಡೆದಾಗ ಒಬ್ಬ ವರದಿಗಾರರನ್ನು ಕಳಿಸಿಕೊಡಿ, ಫಲಿತಾಂಶವನ್ನು ಕ್ರೀಡಾ ಪುಟದ ಮೂಲೆಯಲ್ಲಾದರೂ ಹಾಕಿ. ಗೋಡೆಗೆ ಜಾಗ ತೋರಿಸುವ, ಹಳೆಯ ಶೂ ಅಥವಾ ಹಾಸು ಕೊಡುವ ಮನಸ್ಸಿರುವ ಓದುಗರು ನಿಮ್ಮ ಕಚೇರಿಗೆ ಬರೆದರೆ ದಯವಿಟ್ಟು ನನಗೆ ತಲುಪಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ